ಅರ್ಧ ಮದ್ದು

ಕಲ್ಲು ಕ್ವಾರಿಯ ಮೊದಲ ಸೈರನ್ ಕೂಗುವ ಮುಂಚೆಯೇ ಊಟದ ಮನೆಯ ಬೆಂಚುಗಳು ತುಂಬುತ್ತಿದ್ದವು. ಮೇಲೆ ತಗಡು, ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಬಯಲು. ಎಷ್ಟು ಸಲ ಒರೆಸಿದರೂ ಬೆಂಚುಗಳ ಮೇಲೆ ಕಲ್ಲು ಪುಡಿಮಾಡುವ ಕ್ರಷರಿನ ಬೂದು ಧೂಳು ತೆಳ್ಳಗೆ ಕೂತೇ ಇರುತ್ತಿತ್ತು. ಒಲೆಯ ಮುಂದೆ ನಿಂತು ಅನ್ನ ಬಸಿಯುತ್ತಿದ್ದ, ಆ ಊಟದ ಮನೆ ನಡೆಸುವ ಸಂಸಾರದ ಹಿರಿಸೊಸೆಗೆ ಬಂದವರ ಮುಖ ನೋಡುವ ಅಗತ್ಯವೇ ಇರಲಿಲ್ಲ. ಅವರು ಬೆಂಚಿನ ಮೇಲೆ ಕೂರುವ ರೀತಿಯಿಂದಲೇ ಯಾರಿಗೆ ಮೈ ಸರಿಯಿಲ್ಲ ಎಂದು ಆಕೆಗೆ ಗೊತ್ತಾಗಿಬಿಡುತ್ತಿತ್ತು.

ಆ ದಿನ ಬಂಡೆ ಒಡೆಯುವ ಆಳೊಬ್ಬ ಬಯಲ ಕಡೆಯೇ ನಿಂತಿದ್ದ. ಆರಡಿ ಎತ್ತರದ ಮನುಷ್ಯ, ಅವನ ಏಟಿಗೆ ಸೀಳದ ಕಲ್ಲಿಲ್ಲವೆಂದು ಎಲ್ಲರೂ ಅವನನ್ನು ಸುತ್ತಿಗೆ ಎಂದೇ ಕರೆಯುತ್ತಿದ್ದರು. ಅಂಥವನು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಹಿರಿಸೊಸೆ ಸೆರಗಿಗೆ ಕೈ ಒರೆಸಿಕೊಂಡು, ಗೂಡಿನಲ್ಲಿದ್ದ ಮಾತ್ರೆಯ ಡಬ್ಬಿಗೆ ಕೈ ಹಾಕಿದಳು. ಅಷ್ಟರಲ್ಲಿ ಅವನು ಕೇಳಿದ:

“ಸಿಸ್ಟರ್ ಎದ್ದಿದ್ದಾರಾ ಅಕ್ಕ? ಬೆರಳು ಚುಚ್ಚಿಸ್ಕೋಬೇಕಿತ್ತು.”

ಆಕೆಯ ಕೈ ಗೂಡಿನಲ್ಲೇ ಉಳಿಯಿತು. ಎದ್ದಿರುತ್ತಾಳೆ, ಹಿತ್ತಲ ಕಡೆ ಹೋಗಿ ಕೂಗು ಎಂದಳು. ಹೇಳಿದ ದನಿ ಸಾಧಾರಣವಾಗಿಯೇ ಇತ್ತು. ಆದರೆ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು.

ಸಿಸ್ಟರ್ ಎಂದರೆ ಬೇರೆ ಯಾರೂ ಅಲ್ಲ, ಆಕೆಯ ಓರಗಿತ್ತಿ, ಮೈದುನನ ಹೆಂಡತಿ. ಮದುವೆಯಾಗಿ ಈ ಮನೆಗೆ ಬಂದು ವರ್ಷ ತುಂಬಿತ್ತಷ್ಟೆ. ಬರುವಾಗಲೇ ಆರೋಗ್ಯ ಕೇಂದ್ರದ ಕೆಲಸವನ್ನೂ ಜೊತೆಗೆ ತಂದಿದ್ದಳು. ಕ್ವಾರಿ ಕೇರಿಯಲ್ಲಿ ಜ್ವರ ಬಂದವರ ರಕ್ತ ಪರೀಕ್ಷೆ ಮಾಡುವುದು, ಮಲೇರಿಯಾ ಎಂದು ಗೊತ್ತಾದರೆ ಮಾತ್ರೆ ಕೊಡುವುದು ಅವಳ ಕೆಲಸ.

ಅವಳು ಬರುವ ಮುಂಚೆ ಈ ಕೇರಿಯ ಜ್ವರವೆಲ್ಲ ಹಿರಿಸೊಸೆಯ ಪಾಲಿನದಾಗಿತ್ತು. ಬಹಳ ವರ್ಷಗಳ ಹಿಂದೆ, ಕ್ವಾರಿಯಲ್ಲಿ ಬಂಡೆಗೆ ತೂತು ಕೊರೆಯುವ ಆಕೆಯ ಗಂಡನಿಗೆ ಚಳಿಜ್ವರ ಬಂದಿತ್ತು. ಪೇಟೆಯ ಆಸ್ಪತ್ರೆಯಿಂದ ತಂದ ಮಾತ್ರೆ ಮೊದಲ ದಿನವೇ ಜ್ವರ ಇಳಿಸಿತು. ಮಿಕ್ಕದ್ದನ್ನು ಎಸೆಯುವುದೇಕೆಂದು ಆಕೆ ಎತ್ತಿಟ್ಟಳು. ಮುಂದಿನ ವಾರ ಪಕ್ಕದ ಶೆಡ್ಡಿನ ಹೆಂಗಸು ಜ್ವರದಲ್ಲಿ ಬಿದ್ದಾಗ ಅದನ್ನೇ ಕೊಟ್ಟಳು. ಅವಳೂ ಎದ್ದು ಕೂತಳು. ಅಂದಿನಿಂದ ಆಕೆಗೆ ಮದ್ದಿನಕ್ಕ ಎಂಬ ಹೆಸರು ಬಂತು. ಗುಣವಾದವರು ಉಳಿದ ಮಾತ್ರೆಗಳನ್ನು ತಂದು ಆಕೆಗೇ ಕೊಡುವರು; ಆಕೆ ಹೊಸಬರಿಗೆ ಕೊಡುವಳು. ಯಾರಿಂದಲೂ ಬಿಡಿಗಾಸು ಮುಟ್ಟಿದವಳಲ್ಲ. ‘ಮದ್ದಿನಕ್ಕನ ಕೈಗುಣ’ ಎಂದು ಜನ ಆಡುತ್ತಿದ್ದ ಒಂದು ಮಾತು ಆಕೆಗೆ ಸಾಕಾಗಿತ್ತು. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು, ನೂರಾರು ಜನರ ಎಂಜಲು ತಟ್ಟೆ ತೊಳೆದು ಕಳೆಯುವ ಬದುಕಿನಲ್ಲಿ, ಆಕೆ ತನ್ನದೆಂದು ಹೇಳಿಕೊಳ್ಳಬಹುದಾಗಿದ್ದದ್ದು ಆ ಹೆಸರೊಂದೇ.

ಈಗ ಆ ಹೆಸರನ್ನು ಓರಗಿತ್ತಿ ಮೆಲ್ಲಗೆ ಒಯ್ಯುತ್ತಿದ್ದಳು. ಕಸಿದುಕೊಂಡಿದ್ದರೆ ಜಗಳವಾಡಬಹುದಿತ್ತು, ಅವಳು ಕಸಿಯುತ್ತಿರಲಿಲ್ಲ, ಜನರೇ ಅತ್ತ ವಾಲುತ್ತಿದ್ದರು. ಮೊಣಕಾಲು ನೋವಿಗೆ ಎಣ್ಣೆ ತಿಕ್ಕಲು ಅತ್ತೆ ಯಾವಾಗಲೂ ಹಿರಿಸೊಸೆಯನ್ನೇ ಕರೆಯುತ್ತಿದ್ದರು. ಒಂದು ಸಂಜೆ ಆಕೆ ಎಣ್ಣೆಯ ಬಟ್ಟಲು ಹಿಡಿದು ಹೋದಾಗ, ಇರಲಿ ಬಿಡು, ಚಿಕ್ಕವಳು ಬರಲಿ, ಅವಳಿಗೆ ನರ ಎಲ್ಲೆಲ್ಲಿದೆ ಅಂತ ಗೊತ್ತು ಎಂದುಬಿಟ್ಟರು. ಮದುವೆಯಾದಾಗಿನಿಂದ ಹೆಂಡತಿಯ ಅಡುಗೆಗೆ ಒಂದು ಒಳ್ಳೆ ಮಾತು ಆಡದ ಗಂಡ, ತಮ್ಮನ ಹೆಂಡತಿ ಎಷ್ಟು ಅಚ್ಚುಕಟ್ಟಾಗಿ ಮಾತಾಡುತ್ತಾಳೆ ನೋಡು ಎಂದು ಉಣ್ಣುತ್ತಾ ಹೇಳಿದ. ಕ್ರಷರಿನ ಮಾಲೀಕ ತನ್ನ ಆಫೀಸಿನಲ್ಲಿ ಅವಳಿಗೆ ಕುರ್ಚಿ ಹಾಕಿಸಿದನಂತೆ. ಹಿರಿಸೊಸೆ ಇಷ್ಟು ವರ್ಷ ಅದೇ ಆಫೀಸಿನ ಹೊಸ್ತಿಲಾಚೆ ನಿಂತೇ ಮಾತಾಡಿ ಬಂದವಳು. ಮುಂದೆ ಬಂದ ಕಿವಿಗಿಂತ ಹಿಂದೆ ಬಂದ ಕೋಡೇ ಹೆಚ್ಚಾಯಿತು ಎಂದು ಪಾತ್ರೆ ತಿಕ್ಕುತ್ತಾ ತನ್ನಷ್ಟಕ್ಕೇ ಗೊಣಗಿಕೊಳ್ಳುತ್ತಿದ್ದಳು.

ಓರಗಿತ್ತಿಗೆ ಸೊಕ್ಕಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಮನೆಗೆ ಬಂದ ಕೂಡಲೇ ಸೆರಗು ಸಿಕ್ಕಿಸಿ ತಟ್ಟೆ ತೊಳೆಯಲು ಕೂರುತ್ತಿದ್ದಳು. ಮಾತು ಮಾತಿಗೂ ಅಕ್ಕ ಎನ್ನುತ್ತಿದ್ದಳು. ತಪ್ಪು ಹುಡುಕಿ ಹುಡುಕಿ ಸಿಗದೆ ಹಿರಿಸೊಸೆಗೆ ಇನ್ನಷ್ಟು ಉರಿಯುತ್ತಿತ್ತು.

ಸುತ್ತಿಗೆಯ ರಕ್ತದಲ್ಲಿ ಮಲೇರಿಯಾ ಕಂಡಿತು. ಓರಗಿತ್ತಿ ಅವನಿಗೆ ಮೂರು ದಿನಕ್ಕಾಗುವಷ್ಟು ಮಾತ್ರೆಗಳ ಸ್ಟ್ರಿಪ್ ತೆಗೆದು, ಮೊದಲ ಸರದಿಯನ್ನು ತನ್ನೆದುರೇ ನುಂಗಿಸಿದಳು. ಆಮೇಲೆ ಒಲೆಯ ಬಳಿ ಬಂದು ನಿಂತಳು.

“ಅಕ್ಕ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಈ ಮಾತ್ರೆ ಹೊಟ್ಟೆ ತುಂಬಿದಾಗ ನುಂಗಿದ್ರೇನೇ ಮೈಗೆ ಹತ್ತೋದು. ಎಲ್ಲರೂ ಎರಡು ಹೊತ್ತೂ ನಿಮ್ಮ ಹತ್ರಾನೇ ಊಟಕ್ಕೆ ಬರ್ತಾರೆ. ನಾನು ಮೇಲಿನ ಶೆಡ್ಡುಗಳಿಗೆಲ್ಲ ಸುತ್ತಿ ಬರೋ ಹೊತ್ತಿಗೆ ಇವರು ಕೆಲಸಕ್ಕೆ ಹೋಗಿರ್ತಾರೆ. ನೀವೇ ಎದುರು ನಿಂತು ನುಂಗಿಸಿದ್ರೆ ನನಗೆ ಚಿಂತೆ ಇರಲ್ಲ. ಖಾಲಿ ಸ್ಟ್ರಿಪ್ ಮಾತ್ರ ನನಗೆ ಕೊಡಿ, ಕೇಂದ್ರಕ್ಕೆ ತೋರಿಸಬೇಕು.”

ಕೇಳಿದ್ದು ನಂಬಿಕೆಯಿಂದ. ಹಿರಿಸೊಸೆಯ ಕಿವಿಗೆ ಅದು ಬಿದ್ದದ್ದು ಬೇರೆ ಥರ. ಇಷ್ಟು ವರ್ಷ ಮದ್ದು ಕೊಟ್ಟವಳು ತಾನು; ಇನ್ನು ಮೇಲೆ ಇವಳು ಕೊಟ್ಟ ಮದ್ದಿಗೆ ತಾನು ಕಾವಲು ನಿಲ್ಲಬೇಕು. ಹೆಸರು ಇವಳಿಗೆ, ಚಾಕರಿ ತನಗೆ. ಆದರೂ ಅತ್ತೆ ಅಲ್ಲೇ ಕೂತಿದ್ದರಿಂದ ಆಗಲಿ ಎಂದಳು.

ಮರುದಿನವೇ ಸುತ್ತಿಗೆಯ ಜ್ವರ ಬಿಟ್ಟಿತ್ತು. ಊಟಕ್ಕೆ ಕೂತವನು ಮಾತ್ರೆ ನೋಡಿ ಮುಖ ಸಿಂಡರಿಸಿದ. ಹೊಟ್ಟೆ ತೊಳಸುತ್ತದೆ, ಬಾಯೆಲ್ಲ ಕಹಿ, ಜ್ವರವೂ ಇಲ್ಲ, ಇನ್ನು ಯಾಕೆ ಎಂದ. ಗದರಿಸಿ ನುಂಗಿಸುವುದು ಆಕೆಗೆ ಕಷ್ಟದ ಕೆಲಸವಾಗಿರಲಿಲ್ಲ. ಆಕೆಯ ಗದರಿಕೆಗೆ ಕ್ವಾರಿಯ ಮೇಸ್ತ್ರಿಯೇ ಹೆದರುತ್ತಿದ್ದ. ಆದರೆ ಆಕೆಯ ಬಾಯಿಂದ ಬಂದದ್ದು ಬೇರೆ.

“ಬಿಟ್ಟ ಜ್ವರಕ್ಕೆ ಮದ್ಯಾಕೆ? ಓದಿದವರು ಹೇಳ್ತಾರೆ ಅಂತ ಹೊಟ್ಟೆ ಸುಟ್ಕೋಬೇಡ. ಇಲ್ಲಿಟ್ಟು ಹೋಗು, ಇಲ್ಲದವರಿಗೆ ಆಗುತ್ತೆ. ಕೇಳಿದ್ರೆ ನುಂಗಿದೆ ಅನ್ನು.”

ಸುತ್ತಿಗೆ ಕೃತಜ್ಞತೆಯಿಂದ ನಕ್ಕ. ನಿಮ್ಮಷ್ಟು ಯಾರಿಗೂ ತಿಳಿಯಲ್ಲ ಬಿಡಿ ಅಕ್ಕ ಎಂದ. ಎಷ್ಟೋ ದಿನಗಳ ಮೇಲೆ ಆ ಮಾತು ಕೇಳಿ ಆಕೆಗೆ ಎದೆ ತಂಪಾಯಿತು. ಮಿಕ್ಕ ಮಾತ್ರೆಗಳನ್ನು ಒತ್ತಿ ಡಬ್ಬಿಗೆ ಹಾಕಿಕೊಂಡು, ಖಾಲಿ ಸ್ಟ್ರಿಪ್ಪನ್ನು ಸಂಜೆ ಓರಗಿತ್ತಿಯ ಕೈಗಿಟ್ಟಳು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ಅಕ್ಕ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಎಂದಳು. ಆ ಹೊಗಳಿಕೆ ಮಾತ್ರ ಹಿರಿಸೊಸೆಗೆ ಒಗ್ಗಲಿಲ್ಲ.

ಆದರೆ ಒಮ್ಮೆ ದಾರಿ ಬಿದ್ದ ಮೇಲೆ ಕಾಲು ತಾನಾಗಿ ನಡೆಯುತ್ತದೆ. ಸುತ್ತಿಗೆಯ ನಂತರ ಇನ್ನೊಬ್ಬ, ಅವನ ನಂತರ ಜಲ್ಲಿ ಹೊರುವ ಹೆಂಗಸರು. ಜ್ವರ ಇಳಿದವರಿಗೆಲ್ಲ ಆಕೆ ಮಾತ್ರೆ ಬಿಡಿಸುತ್ತಾ ಬಂದಳು. ಬರಿದಾಗುತ್ತಿದ್ದ ಡಬ್ಬಿ ಮತ್ತೆ ತುಂಬಿತು. ಬೆರಳು ಚುಚ್ಚಿಸಿಕೊಳ್ಳಲು ಅಂಜುವವರು, ಮೂರು ದಿನ ಯಾರು ನುಂಗುತ್ತಾರೆ ಎಂದು ಬೇಸರಪಡುವವರು ಗುಟ್ಟಾಗಿ ಮದ್ದಿನಕ್ಕನ ಹತ್ತಿರ ಬರತೊಡಗಿದರು. ಆಕೆ ಒಬ್ಬೊಬ್ಬರಿಗೆ ಒಂದೋ ಎರಡೋ ಮಾತ್ರೆ ಕೊಟ್ಟು ಕಳಿಸುವಳು. ಹೊರಗೆ ಸಿಸ್ಟರ್‌ಗೆ ಹೆಸರು, ಒಳಗೆ ತನಗೆ ಜನ. ತೂಕ ಸರಿಹೋಯಿತೆಂದು ಆಕೆಯ ಮನಸ್ಸಿಗೆ ಸಮಾಧಾನ.

ಮಳೆ ನಿಂತು ಕ್ವಾರಿಯ ಹಳೆ ಗುಂಡಿಗಳಲ್ಲಿ ನೀರು ಹಸಿರುಗಟ್ಟುವ ಹೊತ್ತಿಗೆ ಒಂದು ವಿಚಿತ್ರ ಶುರುವಾಯಿತು. ಗುಣವಾಗಿ ಹೋದವರೇ ತಿರುಗಿ ಬಂದರು. ಸುತ್ತಿಗೆ ಎರಡನೆಯ ಸಲ ಮಲಗಿದ, ಮೂರನೆಯ ಸಲವೂ ಮಲಗಿದ. ಹಿಂದೆ ಒಂದು ಮಾತ್ರೆಗೆ ಬೆವರಿ ಇಳಿಯುತ್ತಿದ್ದ ಜ್ವರ ಈಗ ಎರಡಕ್ಕೂ ಬಗ್ಗುತ್ತಿರಲಿಲ್ಲ. ಮದ್ದಿನಕ್ಕನಿಗೂ ಇದು ಕಾಣುತ್ತಿತ್ತು. ಸರಕಾರದ ಮಾತ್ರೆಯಲ್ಲಿ ಸತ್ವವಿಲ್ಲ, ಹಿಂದಿನ ಕಾಲದ ಮದ್ದೇ ಮದ್ದು ಎಂದು ಆಕೆ ತನಗೂ ಹೇಳಿಕೊಂಡಳು, ಕೇಳಿದವರಿಗೂ ಹೇಳಿದಳು.

ಓರಗಿತ್ತಿಗೆ ಮಾತ್ರ ತಲೆಕೆಟ್ಟು ಹೋಗಿತ್ತು. ಒಂದು ಸಂಜೆ ಎಲ್ಲರೂ ಅಂಗಳದಲ್ಲಿ ಕೂತಿದ್ದಾಗ ತನ್ನ ಚಿಂತೆ ಬಿಚ್ಚಿದಳು. ಎಲ್ಲರೂ ಪೂರ್ತಿ ನುಂಗಿದ್ದಾರೆ, ಆದರೂ ಮರುಕಳಿಸುತ್ತಿದೆ, ಯಾಕೆಂದೇ ತಿಳಿಯುತ್ತಿಲ್ಲ ಎಂದಳು. ಅರ್ಧಕ್ಕೆ ಬಿಟ್ಟಿದ್ದರೆ ಅರ್ಥವಾಗುತ್ತಿತ್ತು ಎಂದೂ ಸೇರಿಸಿದಳು. ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಎಂದು ಅತ್ತೆ ಕೇಳಿದರು. ಅವಳು ಕ್ರಷರಿನ ಕಡೆ ಕೈ ತೋರಿಸಿ ಹೇಳಿದಳು:

“ಅಲ್ಲಿ ಜರಡಿ ಇದೆಯಲ್ಲ ಅತ್ತೆ, ಅದರಲ್ಲಿ ಪುಡಿಯೆಲ್ಲ ಉದುರಿಹೋಗುತ್ತೆ, ಗಟ್ಟಿ ಕಲ್ಲು ಮೇಲೆ ಉಳಿಯುತ್ತೆ. ರಕ್ತದಲ್ಲಿರೋ ರೋಗಾಣುಗಳೂ ಎಲ್ಲಾ ಒಂದೇ ಥರ ಇರಲ್ಲ. ಒಂದೆರಡು ದಿನದ ಮದ್ದಿಗೆ ಮೆತ್ತಗಿರೋವು ಸಾಯ್ತವೆ, ಜ್ವರ ಇಳಿಯುತ್ತೆ. ಮದ್ದನ್ನ ಸ್ವಲ್ಪ ತಡ್ಕೊಳ್ಳೋ ಗಟ್ಟಿಗಳು ಉಳ್ಕೊಳ್ತವೆ. ಪೂರ್ತಿ ನುಂಗಿದ್ರೆ ಅವೂ ಸಾಯ್ತವೆ. ನಿಲ್ಲಿಸಿದ್ರೆ ಅವೇ ಮರಿ ಹಾಕ್ತವೆ, ಮರಿಗಳೂ ಗಟ್ಟಿ. ಸೊಳ್ಳೆ ಅದನ್ನೇ ಹೀರಿ ಪಕ್ಕದ ಮನೆಗೆ ಹೊತ್ಕೊಂಡು ಹೋಗುತ್ತೆ. ಹೀಗೇ ಆಗ್ತಾ ಹೋದ್ರೆ ಒಂದು ದಿನ ಯಾವ ಮದ್ದಿಗೂ ಜಗ್ಗಲ್ಲ.”

ಹಿರಿಸೊಸೆಯ ಎದೆ ಧಸಕ್ಕೆಂದಿತು. ಅದು ಹೆದರಿಕೆಯೋ ಸಿಟ್ಟೋ ಆಕೆಗೇ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಸಿಟ್ಟು.

“ಓದಿದವರು ಕಥೆ ಚೆನ್ನಾಗಿ ಹೇಳ್ತೀರಮ್ಮ. ಈ ಕೇರಿಗೆ ಡಾಕ್ಟರು ಇಲ್ಲದಾಗ, ಬಸ್ಸೂ ಇಲ್ಲದಾಗ, ಇದ್ದ ನಾಲ್ಕು ಮಾತ್ರೇನ ನಾಲ್ಕು ಜನಕ್ಕೆ ಹಂಚಿ ಬದುಕಿಸಿದ್ದೀನಿ ನಾನು. ಆಗ ಯಾವ ಜರಡೀನೂ ಇರಲಿಲ್ಲ. ಹಸಿದವನಿಗೆ ಅರ್ಧ ತುತ್ತಾದರೂ ಕೊಡೋದು ತಪ್ಪಾ?”

ಓರಗಿತ್ತಿ, ಆ ಕಾಲದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ ಎಂದಳು. ಆಮೇಲೆ ಮೆಲ್ಲಗೆ, “ಅನ್ನ ಹಂಚ್ಕೊಂಡ್ರೆ ಎಲ್ಲರಿಗೂ ಅರ್ಧ ಹೊಟ್ಟೆ ತುಂಬುತ್ತೆ ಅಕ್ಕ. ಮದ್ದು ಹಂಚ್ಕೊಂಡ್ರೆ ರೋಗಕ್ಕೆ ಬುದ್ಧಿ ಬರುತ್ತೆ” ಎಂದಳು.

ಅತ್ತೆ ಹೌದೆಂಬಂತೆ ತಲೆದೂಗಿದರು. ಗಂಡನೂ ತಲೆದೂಗಿದ. ಅವರಿಬ್ಬರ ತಲೆದೂಗುವಿಕೆ ಕಂಡದ್ದೇ ತಡ, ಎದೆಯಲ್ಲಿ ಎದ್ದಿದ್ದ ಹೆದರಿಕೆ ಹೊಟ್ಟೆಕಿಚ್ಚಿನಲ್ಲಿ ಸುಟ್ಟುಹೋಯಿತು. ಆಕೆ ಎದ್ದು ಒಳಗೆ ಹೋದಳು.

ಅದಾದ ಕೆಲವೇ ದಿನಗಳಲ್ಲಿ ಓರಗಿತ್ತಿಯೇ ಮಲಗಿದಳು. ತನ್ನ ಬೆರಳನ್ನು ತಾನೇ ಚುಚ್ಚಿಕೊಂಡು ನೋಡಿದಳು, ಮಲೇರಿಯಾ. ನಗುತ್ತಲೇ ಮಾತ್ರೆ ಶುರುಮಾಡಿದಳು. ಹೊತ್ತು ತಪ್ಪಿಸದೆ, ವಾಂತಿಯಾದಾಗ ಮತ್ತೆ ನುಂಗಿ, ಬೇಡವೆನಿಸಿದರೂ ಉಂಡು, ತಾನು ಬೇರೆಯವರಿಗೆ ಹೇಳಿದ್ದನ್ನೆಲ್ಲ ತಾನೂ ಮಾಡಿದಳು. ಎರಡನೆಯ ದಿನ ಜ್ವರ ಇಳಿಯಲಿಲ್ಲ. ಮೂರನೆಯ ದಿನವೂ ಇಳಿಯಲಿಲ್ಲ.

ಆಗ ಹಿರಿಸೊಸೆಯ ಮನಸ್ಸಿನ ಮೂಲೆಯಲ್ಲಿ ಒಂದು ಸಂತೋಷ ತಲೆ ಎತ್ತಿತು. ಆಕೆ ಕೆಟ್ಟವಳೆಂದಲ್ಲ, ಆದರೆ ಎತ್ತಿದ್ದಂತೂ ನಿಜ. ಏನಾಯಿತು ನಿನ್ನ ಪೂರ್ತಿ ಮದ್ದು, ಎಲ್ಲಿ ಹೋಯಿತು ನಿನ್ನ ಜರಡಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಒದ್ದೆ ಬಟ್ಟೆ ಹಣೆಗೆ ಹಾಕಲು ಹೋದಾಗ ಓರಗಿತ್ತಿ ಕಣ್ಣು ಬಿಟ್ಟು, ಯಾರು ಎಂದು ಕೇಳಿದಳು. ಎದುರಿಗೆ ಇದ್ದವಳ ಗುರುತೇ ಸಿಗಲಿಲ್ಲ ಅವಳಿಗೆ. ಆ ಸಂತೋಷ ಅಲ್ಲೇ ಸತ್ತುಬಿತ್ತು.

ಮೈದುನ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಗಂಡ ಜಲ್ಲಿ ಸಾಗಿಸುವ ವ್ಯಾನಿನಲ್ಲಿ ಓರಗಿತ್ತಿಯರಿಬ್ಬರನ್ನೂ ಪೇಟೆಯ ಆಸ್ಪತ್ರೆಗೆ ಬಿಟ್ಟ. ಮಗ್ಗುಲಲ್ಲಿ ಕೂತು, ಅವಳ ತಲೆ ವ್ಯಾನಿನ ತಗಡಿಗೆ ಬಡಿಯದಂತೆ ತೊಡೆಯ ಮೇಲಿಟ್ಟುಕೊಂಡು ಹಿರಿಸೊಸೆ ದಾರಿಯುದ್ದಕ್ಕೂ ಬಂದಳು. ಅಷ್ಟು ಬಿಸಿ ಮೈಯನ್ನು ಆಕೆ ಹಿಂದೆಂದೂ ಮುಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಮದ್ದು ಹಾಕಿದರು. ವಾರ್ಡಿನಲ್ಲಿ ಫಿನಾಯಿಲ್ ವಾಸನೆ. ಮೇಲೆ ಕಿರುಗುಟ್ಟುವ ಫ್ಯಾನು. ಹಿರಿಸೊಸೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಕೊಳವೆಯಲ್ಲಿ ಇಳಿಯುವ ಹನಿಗಳನ್ನೇ ನೋಡುತ್ತಿದ್ದಳು. ತಾನು ಡಬ್ಬಿಯಿಂದ ಎಣಿಸದೆ ಕೊಟ್ಟ ಮಾತ್ರೆಗಳೆಲ್ಲ ಆಕೆಗೆ ಒಂದೊಂದಾಗಿ ನೆನಪಾದವು. ಸುತ್ತಿಗೆ ಮಲಗುವ ಶೆಡ್ಡಿಗೂ ಓರಗಿತ್ತಿಯ ಕೋಣೆಯ ಕಿಟಕಿಗೂ ನಡುವೆ ಒಂದು ಮುಳ್ಳುಬೇಲಿ ಮಾತ್ರ. ಸೊಳ್ಳೆಗೆ ಬೇಲಿಯ ಹಂಗೇನು?

ಮರುದಿನ ಮಧ್ಯಾಹ್ನ ರೋಗಿಗೆ ಸ್ವಲ್ಪ ಎಚ್ಚರ ಬಂತು. ಡಾಕ್ಟರಮ್ಮ ರಕ್ತದ ವರದಿ ಹಿಡಿದು ಬಂದರು. ತಲೆ ನರೆತ, ಹೆಚ್ಚು ಮಾತಿಲ್ಲದ ಹೆಂಗಸು. ಇಷ್ಟು ಮದ್ದು ಹೋದ ಮೇಲೂ ರಕ್ತದಲ್ಲಿ ರೋಗಾಣು ಉಳಿದಿದೆ, ಮೊದಲಿನಷ್ಟು ಇಲ್ಲ, ಆದರೆ ಸಾಯಬೇಕಾದಷ್ಟು ಬೇಗ ಸಾಯುತ್ತಿಲ್ಲ ಎಂದರು. ಮದ್ದು ಬದಲಿಸುತ್ತೇವೆ, ಅದಕ್ಕೂ ಬಗ್ಗದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂದರು. ಆಮೇಲೆ ಕೇಳಿದರು, ನಿಮ್ಮ ಕೇರಿಯಲ್ಲಿ ಮಾತ್ರೆ ಅರ್ಧಕ್ಕೆ ನಿಲ್ಲಿಸಿದವರು ಇದ್ದಾರಾ?

ಓರಗಿತ್ತಿ ದಿಂಬಿನ ಮೇಲೆ ತಲೆ ಆಡಿಸಿದಳು. ತುಟಿ ಒಡೆದು ಮಾತು ತಡವರಿಸುತ್ತಿತ್ತು.

“ಇಲ್ಲ ಡಾಕ್ಟರ್. ಒಬ್ಬೊಬ್ಬರ ಖಾಲಿ ಸ್ಟ್ರಿಪ್ಪೂ ನೋಡಿದ್ದೀನಿ. ನಮ್ಮಕ್ಕನೇ ಎದುರು ನಿಂತು ನುಂಗಿಸಿದ್ದು. ಅವರು ಅಂದ್ರೆ ಸುಳ್ಳಿರಲ್ಲ.”

ಡಾಕ್ಟರಮ್ಮ ಸ್ಟೂಲಿನ ಕಡೆ ತಿರುಗಿದರು. ಹಾಗಾದರೆ ಕೇರಿಯವರನ್ನು ಹುಡುಕುವ ಅಗತ್ಯವಿಲ್ಲ, ಅಲ್ಲವಾ ಎಂದು ಕೇಳಿದರು. ಹೌದು ಎನ್ನುವುದು ಎಷ್ಟು ಸುಲಭವಿತ್ತೆಂದರೆ, ಆ ಮಾತು ಆಕೆಯ ನಾಲಗೆಯ ತುದಿಗೆ ಬಂದು ನಿಂತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮದ್ದಿನಕ್ಕ ಮದ್ದಿನಕ್ಕನಾಗಿಯೇ ಉಳಿಯುತ್ತಿದ್ದಳು. ಈ ಹುಡುಗಿ ಬದುಕಿದರೆ ಮತ್ತೆ ಅಕ್ಕ ಎನ್ನುತ್ತಿದ್ದಳು.

“ಇಲ್ಲ,” ಎಂದಳು ಹಿರಿಸೊಸೆ. “ಅವರು ನುಂಗಿಲ್ಲ.”

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಯಾರು ಯಾರಿಗೆ ಬೇಡವೆಂದದ್ದು, ಉಳಿದ ಮಾತ್ರೆಗಳನ್ನು ಯಾರು ಯಾರಿಗೆ ಕೊಟ್ಟದ್ದು, ಖಾಲಿ ಸ್ಟ್ರಿಪ್ ಹೇಗೆ ಮಾಡಿದ್ದು, ಎಲ್ಲ ಹೇಳಿದಳು. ಯಾಕೆ ಮಾಡಿದೆ ಎಂದು ಡಾಕ್ಟರಮ್ಮ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ. ಕೊನೆಗೆ ಆಕೆಯೇ ಕೇಳಿದಳು, ಇವಳಿಗೆ ಹೀಗಾದದ್ದು ನನ್ನಿಂದಲೇನಾ?

“ಅದನ್ನ ಯಾರೂ ಗೆರೆ ಎಳೆದು ಹೇಳೋಕಾಗಲ್ಲಮ್ಮ. ಈ ಥರದ್ದು ಬೇರೆ ಎಲ್ಲಿಂದಲೋ ಬಂದಿರಬಹುದು. ಆದರೆ ಅರ್ಧ ಮದ್ದು ಸಿಕ್ಕ ಕಡೆ ಅದು ಚೆನ್ನಾಗಿ ಬೆಳೆಯುತ್ತೆ, ಅಷ್ಟು ನಿಜ. ಈಗಲಾದರೂ ಹೇಳಿದ್ರಲ್ಲ. ಅವರೆಲ್ಲ ಗುಣವಾಗಿದ್ದಾರೆ ಅಂತ ಬಿಟ್ಟಿದ್ರೆ ಬರೋ ಮಳೆಗಾಲದ ಹೊತ್ತಿಗೆ ಇಡೀ ಕೇರಿ ಮಲಗಿರ್ತಿತ್ತು. ಇವತ್ತೇ ನಮ್ಮವರನ್ನ ಕಳಿಸ್ತೀನಿ. ಮನೆ ಮನೆ ತೋರಿಸೋಕೆ ನೀವು ಬರ್ತೀರಾ?”

ಬರುತ್ತೇನೆ ಎಂದು ಏಳುವ ಮುಂಚೆ ಆಕೆ ಮಂಚದ ಕಡೆ ನೋಡಿದಳು. ಓರಗಿತ್ತಿಯ ಕಣ್ಣುಗಳು ತೆರೆದಿದ್ದವು. ಬೈಗುಳ ಬಂದಿದ್ದರೆ ತಲೆಬಾಗಿ ಕೇಳುತ್ತಿದ್ದಳು. ಅವಳು ಮೆಲ್ಲಗೆ ಗೋಡೆಯ ಕಡೆ ಹೊರಳಿ ಮಲಗಿದಳು, ಅಷ್ಟೆ.

ಗಂಡನನ್ನು ಕರೆಸಿ ಆಸ್ಪತ್ರೆಯಲ್ಲಿ ಕೂರಿಸಿ, ಹಿರಿಸೊಸೆ ಆರೋಗ್ಯ ಕೇಂದ್ರದವರ ಜೀಪಿನಲ್ಲಿ ಕೇರಿಗೆ ಬಂದಳು. ಬಂದವಳೇ ಡಬ್ಬಿಯನ್ನು ಅವರ ಕೈಗೆ ಒಪ್ಪಿಸಿ, ಅವರ ಮುಂದೆ ಮುಂದೆ ನಡೆದಳು. ಒಂದೊಂದು ಬಾಗಿಲಲ್ಲೂ ಅದೇ ಮಾತು: ಮಾತ್ರೆ ಸಾಕು ಅಂದದ್ದು ನಾನು, ಅದು ತಪ್ಪು, ಬಂದು ಬೆರಳು ಕೊಡು. ಕೆಲವರು ನಕ್ಕರು. ಕೆಲವರಿಗೆ ತಿಳಿಯಲೇ ಇಲ್ಲ. ಜಲ್ಲಿ ಹೊರುವ ಒಬ್ಬ ಹೆಂಗಸು ಮಾತ್ರ ಎಲ್ಲರೆದುರು ಮುಖಕ್ಕೆ ಹೊಡೆದಂತೆ ಹೇಳಿದಳು: ನಿಮ್ಮನ್ನ ನಂಬಿ ನನ್ನ ಮಗೂಗೂ ಅರ್ಧ ಮಾತ್ರೆ ಕೊಟ್ಟಿದ್ದೀನಿ, ಈಗ ಯಾರ ಹತ್ರ ಹೋಗಿ ಅಳಲಿ? ಹಿರಿಸೊಸೆ ಮಗುವನ್ನು ಎತ್ತಿಕೊಂಡು ತಾನೇ ಅದರ ಬೆರಳು ಹಿಡಿದು ಕೊಟ್ಟಳು. ಮಗುವಿನ ರಕ್ತದಲ್ಲಿ ಏನೂ ಕಾಣಲಿಲ್ಲ. ಸುತ್ತಿಗೆಯ ರಕ್ತದಲ್ಲಿ ಕಂಡಿತು. ಇನ್ನೂ ಹಲವರ ರಕ್ತದಲ್ಲೂ ಕಂಡಿತು. ಅವರಿಗೆಲ್ಲ ಬೇರೆ ಮದ್ದು ಶುರುವಾಯಿತು.

ಸುದ್ದಿ ಮನೆಗೂ ಬಂತು. ಅತ್ತೆ ಎರಡು ದಿನ ಆಕೆಯ ಕೈಯಿಂದ ನೀರು ಇಸಕೊಳ್ಳಲಿಲ್ಲ. ಮೈದುನ ಲಾರಿ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋದ; ಮನೆಗೆ ಬಂದ ಮೇಲೂ ಅತ್ತಿಗೆಯ ಕಡೆ ನೋಡಲಿಲ್ಲ. ಅಂತೂ ಬದಲಿಸಿದ ಮದ್ದು ಹಿಡಿಯಿತು. ಓರಗಿತ್ತಿ ಮೂಳೆ ಚಕ್ಕಳವಾಗಿ, ಗೋಡೆ ಹಿಡಿದು ನಡೆಯುವಷ್ಟಾಗಿ ಮನೆಗೆ ಬಂದಳು. ಹಿರಿಸೊಸೆ ಗಂಜಿ ಕಾಯಿಸಿ ಹೊತ್ತು ಹೊತ್ತಿಗೆ ಮುಂದಿಟ್ಟಳು. ಅವಳು ಕುಡಿದು ಬಟ್ಟಲು ಬದಿಗಿಡುತ್ತಿದ್ದಳು. ಮಾತಿಲ್ಲ. ಅಕ್ಕ ಎಂಬ ಶಬ್ದ ಆ ಮನೆಯಿಂದಲೇ ಎದ್ದುಹೋದಂತಿತ್ತು. ಯಾವ ಶಬ್ದ ಕಿವಿಗೆ ಮುಳ್ಳಾಗಿತ್ತೋ ಅದಕ್ಕಾಗಿಯೇ ಹಿರಿಸೊಸೆ ಈಗ ಕಾಯುತ್ತಿದ್ದಳು.

ಹೀಗೆ ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಓರಗಿತ್ತಿ ಮಾತ್ರೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಅಂಗಳ ದಾಟುವಷ್ಟರಲ್ಲಿ ಏದುಸಿರು ಬಂತು. ಕಟ್ಟೆಯ ಮೇಲೆ ಕೂತಳು. ಕ್ವಾರಿಯ ಮೇಲಿನ ಶೆಡ್ಡುಗಳಿಗೆ ಹೋಗುವ ದಾರಿ ಕಡಿದಾದ ಏರು. ಆ ಏರಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದಳು:

“ಮೇಲೆ ಹೊಸದಾಗಿ ಬಂದವನೊಬ್ಬನಿಗೆ ನಿನ್ನೆಯಿಂದ ಮಾತ್ರೆ ಶುರುವಾಗಿದೆ. ಇವತ್ತಿನದ್ದು ಯಾರಾದರೂ ಎದುರು ನಿಂತು ನುಂಗಿಸಬೇಕು. ನನ್ನ ಕೈಲಿ ಹತ್ತೋಕಾಗಲ್ಲ.”

ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ಹಿರಿಸೊಸೆ ಒಲೆಯ ಉರಿ ತಗ್ಗಿಸಿ, ತಟ್ಟೆಗೆ ಅನ್ನ ಬಡಿಸಿ ಬಟ್ಟೆಯಲ್ಲಿ ಕಟ್ಟಿಕೊಂಡಳು. ಚೀಲಕ್ಕೆ ಕೈ ನೀಡಿದಳು. ಓರಗಿತ್ತಿ ಒಂದು ಗಳಿಗೆ ಹಿಡಿದೇ ಇದ್ದಳು. ಆಮೇಲೆ ಬಿಟ್ಟಳು.

ಮೇಲಿನ ಶೆಡ್ಡಿನಲ್ಲಿ ಮೀಸೆ ತಿರುವಿಕೊಂಡಿದ್ದ ಆ ಹೊಸಬ ಬೂಟು ಹಾಕಿಕೊಳ್ಳುತ್ತಿದ್ದ. ಮೊದಲು ತಟ್ಟೆ ಖಾಲಿಮಾಡಿಸಿ ಮಾತ್ರೆ ಮುಂದಿಟ್ಟಾಗ, ಜ್ವರ ರಾತ್ರಿಯೇ ಬಿಟ್ಟಿದೆ, ಇದೆಲ್ಲ ಯಾಕೆ, ಕೆಲಸಕ್ಕೆ ತಡವಾಗುತ್ತದೆ ಎಂದ. ಆಕೆ ಬಾಗಿಲಿಗೆ ಅಡ್ಡವಾಗಿ ಒಂದು ಕಲ್ಲಿನ ಮೇಲೆ ಕೂತಳು. ಕೆಳಗೆ ಒಲೆಯ ಮೇಲೆ ಅನ್ನವಿದೆ, ಹೊತ್ತಾದರೆ ಸೀದುಹೋಗುತ್ತದೆ, ಆದರೂ ನೀನು ನುಂಗುವ ತನಕ ಇಲ್ಲಿಂದ ಏಳುವುದಿಲ್ಲ ಎಂದಳು. ಅವನು ಗೊಣಗಿದ, ನಕ್ಕ, ಮತ್ತೆ ಗೊಣಗಿದ. ಕೊನೆಗೆ ನುಂಗಿದ. ಬಾಯಿ ತೆಗೆಸಿ ನಾಲಗೆಯಡಿ ನೋಡಿದ ಮೇಲೆ ದಾರಿ ಬಿಟ್ಟಳು. ನಾಳೆಯೂ ಬರುತ್ತೇನೆ ಎಂದಳು.

“ಕೆಳಗೆ ಎಲ್ಲರೂ ಆ ಸಿಸ್ಟರನ್ನ ಬಹಳ ಹೊಗಳ್ತಾರೆ,” ಎಂದ ಅವನು ಬೂಟಿನ ದಾರ ಕಟ್ಟುತ್ತಾ. “ಸಾಯೋ ಹಾಗಿದ್ರೂ ಕೇರಿಯವರ ಬಗ್ಗೇನೇ ಕೇಳ್ತಿದ್ರಂತೆ. ಅವರೇನಾ ನಿಮ್ಮನ್ನ ಕಳಿಸಿದ್ದು?”

ಹೊಟ್ಟೆಯೊಳಗೆ ಆ ಹಳೆಯ ಉರಿ ಚುರ್ರೆಂದಿತು. ಇನ್ನೂ ಹೋಗಿರಲಿಲ್ಲ ಅದು. ಹಿರಿಸೊಸೆ ಖಾಲಿ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದಳು.

“ಹೌದಪ್ಪ,” ಎಂದಳು. “ಅವಳೇ ಕಳಿಸಿದ್ದು.”